ಮನೆಗೊಂದು ಬಿ.ಪಿ., ಮಿಷಿನ್ನಿಗೊಂದು ಬೊಟ್ಟು

ಆಸ್ಪತ್ರೆಯ ಯಂತ್ರಗಳ ಮುಂದೆ ಮನುಷ್ಯರು ಹೇಗೆ ಎಡವುತ್ತಾರೆ ಎಂದು ನೋಡುವುದೇ ನನ್ನ ಕೆಲಸ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಮೇಷ್ಟ್ರು ನಾನು. "ಜನ ತಪ್ಪು ಮಾಡೋದ್ನ ನೋಡಾಕೂ ಅಷ್ಟೊಂದು ಓದ್ಬೇಕೇನ್ಲಾ?" ಎಂದು ನನ್ನ ಸೋದರಮಾವ ಕೇಳುತ್ತಲೇ ಇರುತ್ತಾರೆ. ಓದು ಎಷ್ಟು ಬೇಕೋ ಗೊತ್ತಿಲ್ಲ, ಮೈಸೂರು ದಾಟಿದರೆ ಕೆಲಸಕ್ಕಂತೂ ಬರವಿಲ್ಲ.

ಒಂದೇ ಒಲೆ

ಹಾರನಹಳ್ಳಿ ಕಡೆಯ ಯಜಮಾನಿಯೊಬ್ಬರಿಗೆ ಡಾಕ್ಟರು, ದಿನಾ ಬೆಳಿಗ್ಗೆ ಮನೆಯಲ್ಲೇ ಬಿ.ಪಿ. ನೋಡಿಕೊಳ್ಳಿ, ಬರುವಾಗ ಮಿಷಿನ್ ತನ್ನಿ ಎಂದಿದ್ದರು. ತಂದರು. ಮಿಷಿನ್ನಿನಲ್ಲಿ ಉಳಿದಿದ್ದ ಲೆಕ್ಕ ನೋಡಿದರೆ ದಿನಾಲೂ ಬಿ.ಪಿ. ಸರಿಯಾಗಿದೆ. ಆಸ್ಪತ್ರೆಯಲ್ಲಿ ಅವರ ತೋಳಿಗೆ ಪಟ್ಟಿ ಕಟ್ಟಿದರೆ ಏರಿ ಕೂತಿದೆ.

"ಅಮ್ಮ, ಇದರಲ್ಲಿರೋದು ನಿಮ್ಮ ಬಿ.ಪಿ.ನೇನಾ?" ಎಂದೆ.

"ನಂಗೆಲ್ಲಿ ಪುರುಸೊತ್ತು, ಎದ್ರೆ ಹಾಲು ಕರೀಬೇಕು. ಸೊಸೆ ಕಟ್ಕಂಡು ನೋಡ್ತಾಳೆ ಕಣ್ರೀ. ಒಂದೇ ಒಲೆ ಅನ್ನ ಉಣ್ಣೋರು, ಒಬ್ರು ನೋಡುದ್ರೆ ಸಾಲ್ದಾ?"

ಟವಲು

ನರಕ್ಕೆ ಔಷಧಿ ಹನಿಸುವ, ಅದು ಮುಗಿದರೆ ಕೂಗಬೇಕಾದ ಪಂಪೊಂದು ಕೆ.ಆರ್. ನಗರದ ಆಸ್ಪತ್ರೆಯಲ್ಲಿ ಬಾಯಿ ಮುಚ್ಚಿಕೊಂಡಿತ್ತು. ನೋಡಿದರೆ, ಮಿರ್ಲೆಯಿಂದ ಬಂದಿದ್ದ ರೋಗಿಯ ತಮ್ಮ ಅದಕ್ಕೆ ಟವಲು ಸುತ್ತಿ, ಮೇಲೆ ದಿಂಬು ಒತ್ತಿದ್ದ. ಸದ್ಯ, ಔಷಧಿ ಇನ್ನೂ ಇತ್ತು.

"ಅಣ್ಣ ಈಗ ತಾನೆ ಮಲಗವ್ನೆ ಸಾ, ಎದ್ಬುಟ್ಟಾನು."

"ಅದು ಸಿಸ್ಟರನ್ನ ಕರೆಯೋಕೆ ಕೂಗೋದಪ್ಪ."

"ಗೊತ್ತು ಬುಡಿ ಸಾ. ಅದುಕ್ಕೇ ದಿಂಬಿಗೆ ಕಿವಿ ಇಟ್ಕಂಡೇ ಕುಂತಿವ್ನಿ."

ಬೊಟ್ಟು

ಕಳೆದ ಆಯುಧಪೂಜೆಯ ಮಾರನೆಯ ದಿನ ಎಚ್.ಡಿ. ಕೋಟೆಯ ಸಣ್ಣ ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ಅಧ್ಯಯನಕ್ಕಲ್ಲ, ಅದೇ ಸೋದರಮಾವನನ್ನು ಮನೆಗೆ ಕರೆದೊಯ್ಯಲು. ನ್ಯುಮೋನಿಯಾ ವಾಸಿಯಾಗಿತ್ತು, ಅತ್ತೆ ಬ್ಯಾಗು ಕಟ್ಟಿ ಕೂತಿದ್ದರು. ಹೊರಡುವ ಮುನ್ನ ನರ್ಸು ಮಾವನ ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ಪು ಸಿಕ್ಕಿಸಿದರು. ತೊಂಬತ್ತೈದರ ಮೇಲಿರಬೇಕಾದದ್ದು ಎಪ್ಪತ್ತು ತೋರಿಸಿತು.

ಡಾಕ್ಟರು ಮೈಸೂರಿಗೆ ಒಯ್ಯಲು ಆಂಬುಲೆನ್ಸ್ ಕರೆದರು. ಅತ್ತೆ ಅಳತೊಡಗಿದರು. ನಾನು ಮಾವನ ಮುಖದತ್ತ ಬಗ್ಗಿದೆ. ನನ್ನನ್ನು ಎತ್ತಿ ಆಡಿಸಿದ ಮಾವ.

"ಮಾವ, ಉಸಿರು ಕಟ್ತದಾ?"

"ಇಲ್ಲ ಕಣ್ಲಾ, ಹೊಟ್ಟೆ ಹಸೀತದೆ."

ಮಿಷಿನ್ನಿಗಿಂತ ಮೊದಲು ಮನುಷ್ಯನನ್ನು ನೋಡಿ ಎಂದು ವರ್ಷವಿಡೀ ಪಾಠ ಮಾಡುವ ನನಗೆ ಆಗ ಬುದ್ಧಿ ಬಂತು. ಕ್ಲಿಪ್ಪನ್ನು ನನ್ನ ಬೆರಳಿಗೆ ಹಾಕಿಕೊಂಡೆ. ಅರವತ್ತೆಂಟು. ಡಾಕ್ಟರು ತಾವೂ ಹಾಕಿಕೊಂಡರು. ಅರವತ್ತಾರು. ಅಷ್ಟರಲ್ಲಿ ಡ್ರೈವರ್ ಸ್ಟ್ರೆಚರ್ ತಳ್ಳಿಕೊಂಡು ಬಂದು, "ಪೇಶೆಂಟ್ ಯಾರು ಸಾ?" ಎಂದ.

ಮಾವ ಡಾಕ್ಟರತ್ತ ಕೈ ತೋರಿಸಿದರು. "ಪಾಪ, ಮೊದ್ಲು ಅವ್ರುನ್ನ ಮಲಗುಸ್ಕಪ್ಪ."

ಕ್ಲಿಪ್ಪು ಬಿಡಿಸಿ ನೋಡಿದರೆ, ಒಳಗಿನ ಪುಟ್ಟ ದೀಪದ ಮೇಲೆ ದಪ್ಪಗೆ ಕುಂಕುಮದ ಬೊಟ್ಟು.

"ನೆನ್ನೆ ಪೂಜೇಲಿ ಎಲ್ಲಾ ಮಿಷಿನ್ಗೂ ಇಟ್ಟೆ ಸಾರ್, ಇದೊಂದ್ನ ಯಾಕೆ ಬಿಡ್ಲಿ ಅಂತ..." ಎಂದರು ನರ್ಸು, ಮೆಲ್ಲಗೆ.

ಚೆನ್ನಾಗಿ ಒರೆಸಿ ಮತ್ತೆ ಮಾವನ ಬೆರಳಿಗೆ ಹಾಕಿದರೆ ತೊಂಬತ್ತೇಳು. ಹೋದ ಜೀವ ಬಂದಂತಾಯಿತು. ಡಾಕ್ಟರು ನಗುತ್ತಾ ಮನೆಗೆ ಹೊರಡಿ ಎಂದರು. ಡ್ರೈವರ್ ಖಾಲಿ ಸ್ಟ್ರೆಚರ್ ತಿರುಗಿಸಿದ.

ಅತ್ತೆ ಕಣ್ಣೊರೆಸಿಕೊಂಡರು. ಆಮೇಲೆ ಕಟ್ಟಿಟ್ಟ ಬ್ಯಾಗನ್ನು ಬಿಚ್ಚಿ, ಒಳಗೆ ತಡಕಾಡಿ ಕುಂಕುಮದ ಭರಣಿ ತೆಗೆದು ನರ್ಸಿನ ಮುಂದೆ ಕೈ ಚಾಚಿದರು.

"ಆ ಮಿಷಿನ್ ಇತ್ಲಾಗೆ ಕೊಡವ್ವ. ಒಳ್ಳೆ ನಂಬರ್ ಕೊಟ್ಟದೆ, ಒಂದು ಬೊಟ್ಟಿಡ್ತೀನಿ."