ನಿಮ್ಮದೊಂದು ಮಾತೂ ಸೇರಿಸಬ್ಯಾಡ್ರಿ

ದುಭಾಷಿ ಅಂದ್ರ ಇಬ್ಬರ ನಡುವ ನಿಂತು ಇಬ್ಬರ ಕಡಿಂದನೂ ಬೈಸಿಕೊಳ್ಳಾಕಿ. ಹಿಂಗಾಗಿ ನನಗ ದಿನಾ ಒಂದಲ್ಲ ಒಂದು ಪ್ರಸಂಗ ಇದ್ದದ್ದೇ.

ನಮ್ಮ ಮನಿಯವರು ಬ್ಯಾಂಕಿನವರು, ಬದಲಿ ಆದ ಕಡೆ ಗಂಟು ಕಟ್ಟೋದು. ಔರಂಗಾಬಾದಿನ್ಯಾಗ ಇದ್ದಾಗ ಚಿಕಲಠಾಣಾದ ಕಾರ್ಖಾನಿಯೊಳಗ ದುಡಿಯೋ ನಮ್ಮ ಕಡೆ ಮಂದಿ ಜೋಡಿ ದವಾಖಾನಿಗೆ ಹೋಗಿ, ಅವರ ಬ್ಯಾನಿ ಡಾಕ್ಟರಿಗೆ ಮರಾಠಿಯೊಳಗ ಹೇಳತಿದ್ದೆ. ಪುಕ್ಕಟ. ನಾಸಿಕಕ್ಕ ಬಂದ ಮ್ಯಾಲೆ ಪಂಚವಟಿ ಹತ್ರದ ಒಂದು ಖಾಸಗಿ ದವಾಖಾನಿಯವರು ಅದೇ ಕೆಲಸಕ್ಕ ಪಗಾರ ಕೊಡತೀವಿ ಅಂದ್ರು. ನನ್ನ ಸ್ವಂತದ ಮೊದಲನೇ ನೌಕರಿ! ಹೆಂಗರ ಮಾಡಿ ಉಳಿಸಿಕೋಬೇಕು ಅಂತ ಹಟಾ ತೊಟ್ಟೆ.

ಇಂಟರ್‌ವ್ಯೂ

ದವಾಖಾನಿ ಮಾಲಕರು, ಅಂದ್ರ ದೊಡ್ಡ ಡಾಕ್ಟರು, ಇಂಟರ್‌ವ್ಯೂಕ್ಕ ಕೂತರು. ನನ್ನ ಕನ್ನಡ ಪರೀಕ್ಷಾ ಮಾಡೋರು ಯಾರು? ಅವರಿಗೆ ಕನ್ನಡ ಬರಂಗಿಲ್ಲ. ಹೊರಗ ಬಿಪಿ ತೋರಸಲಿಕ್ಕೆ ಕೂತಿದ್ದ ಓಝರ್ ವಿಮಾನ ಕಾರ್ಖಾನಿಯ ಟೆಕ್ನಿಷಿಯನ್ ಒಬ್ಬರನ್ನ ಕರಕೊಂಡು ಬಂದ್ರು. ಬಾಗಲಕೋಟಿ ಕಡೆಯವರು.

"ಯಾವೂರ್ರಿ ನಿಮ್ಮದು?"

"ಧಾರವಾಡ."

"ಖಡಕ್ ರೊಟ್ಟಿ ಮಾಡತೀರೇನು?"

"ವಾರಕ್ಕೊಮ್ಮೆ ಮಾಡತೇನ್ರಿ."

ಅವರು ದೊಡ್ಡ ಡಾಕ್ಟರ ಕಡೆ ತಿರುಗಿ ಗಂಭೀರಾಗಿ ಹೇಳಿದ್ರು: "ಸಾಹೇಬ್ರ, ಇಷ್ಟು ಉತ್ತಮ ಕನ್ನಡ ನಾ ಎಲ್ಲೂ ಕೇಳಿಲ್ಲ."

ಮೂರು ತಿಂಗಳ ಕೆಲಸ ನೋಡಿ ಖಾಯಂ ಮಾಡತೀವಿ ಅಂತ ಠರಾವಾತು. ಪರೀಕ್ಷಕರ ಮನಿಗೆ ಆ ವಾರನ ರೊಟ್ಟಿ ಗಂಟು ಹೋತು.

ಬಳ್ಳೊಳ್ಳಿ ಎಣ್ಣಿ

ಮೊಣಕಾಲು ಬ್ಯಾನಿ ಅಂತ ನಮ್ಮ ಕಡೆಯ ವಯಸ್ಸಾದ ಮಾವಶಿ ಒಬ್ಬರು ಬಂದ್ರು. ದೊಡ್ಡ ಡಾಕ್ಟರು ಗುಳಿಗಿ ಬರದು, ನೆಲಕ್ಕ ಕೂಡಬ್ಯಾಡ್ರಿ ಅಂದ್ರು. ಅಷ್ಟನ್ನೂ ಹೇಳಿದೆ. ಬಾಯಿ ಸುಮ್ಮನಿರಬೇಕಲ್ಲ? "ಎಳ್ಳೆಣ್ಣಿಯೊಳಗ ಬಳ್ಳೊಳ್ಳಿ ಕಾಸಿ ತಿಕ್ಕೊಳ್ರಿ" ಅಂತ ಒಗ್ಗರಣಿ ಹಾಕಿದೆ.

ಮುಂದಿನ ವಾರ ಮಾವಶಿ ನನ್ನನ್ನ ಬಿಟ್ಟು ತಮ್ಮ ಹರಕು ಹಿಂದಿಯೊಳಗ ತಾವೇ ಡಾಕ್ಟರಿಗೆ ಕೈ ಮುಗದ್ರು. "ನಿಮ್ಮ ಗುಳಿಗಿ ದಂಡ. ನೀವು ಹೇಳಿದ ಬಳ್ಳೊಳ್ಳಿ ಎಣ್ಣಿ ಮಾತ್ರ ಭಾರೀ!"

ಡಾಕ್ಟರು ನನ್ನ ಮಾರಿ ನೋಡಿದ್ರು. ನಾ ಫ್ಯಾನು ನೋಡಿದೆ.

"ಮೇಡಂ, ಅವರಂದದ್ದು ಅಷ್ಟೇ, ನಾನಂದದ್ದು ಅಷ್ಟೇ. ಇನ್ನ ನಿಮ್ಮದೊಂದು ಮಾತು ಸೇರಿದ್ರೂ ನೌಕರಿ ಇಲ್ಲ."

ಬಾಗಲ ತನಕ ಬಂದಿದ್ದೆ, ಮತ್ತ ಕರದ್ರು. "ಆ ಎಣ್ಣಿ ಹೆಂಗ ಕಾಸೋದು? ನಮ್ಮ ತಾಯಿಗೂ ಮೊಣಕಾಲು ಬ್ಯಾನಿ ಅದ."

ಅಜ್ಜಾರ ಸಹಿ

ಮೂರನೇ ತಿಂಗಳು ಮುಗೀಲಿಕ್ಕೆ ಬಂದಿತ್ತು. ನನ್ನ ಕನ್ನಡ ಪರೀಕ್ಷಾ ಮಾಡಿದ ಟೆಕ್ನಿಷಿಯನ್ನರ ತಂದಿ ಊರಿಂದ ಹರ್ನಿಯಾ ಆಪರೇಷನ್ನಿಗೆ ಬಂದ್ರು. ಆಪರೇಷನ್ ಮಾಡೋರು ದೊಡ್ಡ ಡಾಕ್ಟರ ಮಗ, ಸಣ್ಣ ಡಾಕ್ಟರು. ಅಜ್ಜಾರು ಒಪ್ಪಿಗಿ ಕಾಗದಕ್ಕ ಸಹಿನೇ ಹಾಕವಲ್ಲರು. ದೊಡ್ಡ ಡಾಕ್ಟರು ಬಂದು ಖುರ್ಚಿ ಎಳಕೊಂಡು ಕೂತರು. "ಅಜ್ಜಾರು ಒಪ್ಪಿದ್ರ ನೀವು ಖಾಯಂ. ಆದರ ಸ್ವಂತದ ಮಾತು ಬ್ಯಾಡ."

ನಮ್ಮ ಕಡೆ ಎತ್ತು ಕೊಳ್ಳಬೇಕಾದ್ರೂ ಮಾರಾವನ ಮನಿ-ಮಠ ವಿಚಾರಿಸಬೇಕು. ಅಜ್ಜಾರು ಶುರು ಮಾಡಿದ್ರು.

"ಈ ಹುಡುಗಗ ಲಗ್ನ ಆಗೇತೇನವಾ?"

ಇದನ್ನೂ ಹೇಳಬೇಕೇನಪ್ಪಾ! ಹೇಳಿದೆ. ಇಲ್ಲ ಅಂದ್ರು ಸಣ್ಣ ಡಾಕ್ಟರು.

"ಹೆಂಡ್ರು ಮಕ್ಕಳಿಲ್ಲದಾಂವಗ ಹೊಣಿ ಏನ್ ಗೊತ್ತು? ನಾ ಹೊಟ್ಟಿ ಕೊಯ್ಸಿಕೊಳ್ಳಾಂವಲ್ಲ."

ಹೇಳಿದೆ. ಸಣ್ಣ ಡಾಕ್ಟರ ಕಿವಿ ಕೆಂಪಾದ್ವು. "ಹುಡುಗಿ ಮನಸಿನ್ಯಾಗ ಇದ್ದಾಳ, ಕೇಳೋದೊಂದು ಉಳದದ ಅಂತ ಹೇಳ್ರಿ."

ಮಗನಿಗೆ ಕನ್ಯಾ ತೋರಿಸಿ ತೋರಿಸಿ ಸೋತಿದ್ದ ದೊಡ್ಡ ಡಾಕ್ಟರು ಧಡಕ್ಕನ ಎದ್ದರು. ಅಜ್ಜಾರಿಗೆ ಹೇಳಿದೆ, ಅವರು ಬಿಡಲಿಲ್ಲ.

"ಕೇಳಾಕ ಪಂಚಾಂಗ ಬೇಕೇನು? ಈಗ ಕೇಳಂತ ಹೇಳವಾ."

ಹೇಳಿದೆ. ಸಣ್ಣ ಡಾಕ್ಟರು ಬಾಜೂಕ ನಿಂತಿದ್ದ, ಅರವಳಿಕೆ ಕೊಡೋ ಲೇಡಿ ಡಾಕ್ಟರ ಕಡೆ ನೋಡಿದ್ರು. ಆಕಿ ಅವರನ್ನ ಬಿಟ್ಟು ನನಗ ಹೇಳಿದಳು: "ಅಜ್ಜಾರಿಗೆ ಹೂಂ ಅಂತ ಹೇಳ್ರಿ."

ನರ್ಸುಗಳು ಚಪ್ಪಾಳಿ ಹೊಡದ್ರು. ಗೆದ್ದೆ ಅಂತ ನಾ ಅಜ್ಜಾರ ಕೈಯಾಗ ಪೆನ್ನು ಇಟ್ಟೆ. ಅವರು ಅದನ್ನ ವಾಪಸ್ ಕೊಟ್ಟರು.

"ಈಗಂತೂ ಬ್ಯಾಡೇ ಬ್ಯಾಡ. ಈಗಷ್ಟೇ ಲಗ್ನ ಗೊತ್ತಾದ ಹುಡುಗನ ಲಕ್ಷ್ಯ ನನ್ನ ಹೊಟ್ಟಿ ಮ್ಯಾಲೆ ಇರತೈತೇನು?"

ಹೋತು ನನ್ನ ನೌಕರಿ! ಕಣ್ಣಾಗ ನೀರೇ ಬಂದ್ವು. ಆದರೂ ಒಂದಕ್ಷರ ಸೇರಿಸದ ಹೇಳಿದೆ.

ದೊಡ್ಡ ಡಾಕ್ಟರು ನಕ್ಕು ಅಂಗಿ ತೋಳು ಏರಿಸಿದ್ರು. "ಮೇಡಂ, ಒಂದು ಮಾತೂ ಸೇರಿಸಲಿಲ್ಲ, ನೀವು ಖಾಯಂ. ಆಪರೇಷನ್ ನಾನೇ ಮಾಡತೇನಿ ಅಂತ ಅಜ್ಜಾರಿಗೆ ಹೇಳ್ರಿ. ನನಗ ಲಗ್ನ ಆಗಿ ಮೂವತ್ತು ವರ್ಷ ಆತು. ನನ್ನ ಲಕ್ಷ್ಯ ಎಲ್ಲೂ ಹೋಗಂಗಿಲ್ಲ."

ಅಜ್ಜಾರು ಪೆನ್ನು ಕಸಕೊಂಡು ಸಹಿ ಹಾಕಿದ್ರು.