ಜೇಡಿಮಣ್ಣಿಗೆ ಬಂಡೆಯ ರೀಮರ್

ನನ್ನ ಆಯುಷ್ಯದ ಬಹುಪಾಲು ಬೋರ್‌ವೆಲ್ ಲಾರಿಯ ಹಿಂದೆ ಧೂಳು ಕುಡಿಯುವುದರಲ್ಲಿ ಕಳೆಯಿತು. ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ನಾನು ಕೊರೆಸದ ನೆಲವಿಲ್ಲ, ಕಾಣದ ಬಂಡೆಯಿಲ್ಲ. ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ಭೂಮಿಯ ಒಳಗಿನ ವಿಷಯ ಬಂದರೆ ನನ್ನನ್ನು ನಾನು ಪ್ರೊಫೆಸರ್ ಎಂದೇ ತಿಳಿದಿದ್ದೆ. ಆ ತಿಳಿವಳಿಕೆ ಮಾಡಿದ ಅನಾಹುತವನ್ನು ಈ ವಯಸ್ಸಿನಲ್ಲಾದರೂ ಒಪ್ಪಿಕೊಂಡುಬಿಡುತ್ತೇನೆ.

ನಮ್ಮ ಮನೆ ಶಿಡ್ಲಘಟ್ಟದಿಂದ ದಿಬ್ಬೂರಹಳ್ಳಿಗೆ ಹೋಗುವ ರಸ್ತೆಯ ಪಕ್ಕದ ಬೀದಿಯಲ್ಲಿದೆ. ಅದು ಹೆಂಡತಿ ಪಾರ್ವತಮ್ಮನ ತವರು ಬೀದಿ. ನಾನು ಮನೆ ಅಳಿಯ. ನಲ್ಲಿ ನೀರು ರಸ್ತೆಯ ಆ ಬದಿಗೆ ಬಂದು ನಿಂತುಬಿಟ್ಟಿತ್ತು. ಈ ಬದಿಯ ಹೆಂಗಸರು ಬಿಂದಿಗೆ ಹೊತ್ತು ಬಸ್ಸು ಲಾರಿಗಳ ನಡುವೆ ದಾಟಬೇಕು. ರಸ್ತೆ ಅಗೆಯಲು ಅಪ್ಪಣೆಯಿಲ್ಲ. ಊರಲ್ಲಿ ಒಬ್ಬಿಬ್ಬರ ಜೇಬಿಗೆ ಮೊಬೈಲು ಬಂದಿದ್ದ ಆ ಕಾಲದಲ್ಲಿ, ರಸ್ತೆಯನ್ನು ಮುಟ್ಟದೆ ಅದರ ಕೆಳಗೆ ಅಡ್ಡಲಾಗಿ ಕೊರೆಯುವ ಯಂತ್ರವೊಂದು ನಮ್ಮಲ್ಲಿಗೂ ಬಂತು. ಕಂಟ್ರಾಕ್ಟರು ನನ್ನನ್ನೇ ಮೇಲ್ವಿಚಾರಣೆಗೆ ಹಾಕಿದ. ಕೆಲಸ ಕೆಟ್ಟರೆ ಯಂತ್ರ ನಂದಿ ಕಡೆಗೆ ಹೊರಟುಹೋಗುತ್ತದೆ, ಮತ್ತೆ ಯಾವಾಗ ಬರುತ್ತದೋ ಹೇಳಲಾಗದು ಎಂದೂ ಎಚ್ಚರಿಸಿದ. ಕೆಡುವ ಮಾತೆಲ್ಲಿ ಬಂತು, ನಾನಿಲ್ಲವೇ!

ಯಂತ್ರ ಮೊದಲು ಆ ಬದಿಯಿಂದ ಈ ಬದಿಗೆ ಸಣ್ಣದೊಂದು ತೂತು ಕೊರೆಯುತ್ತದೆ. ಆಮೇಲೆ ಈ ತುದಿಯಲ್ಲಿ ರೀಮರ್ ಎಂಬ ದಪ್ಪ ತಲೆ ಸಿಕ್ಕಿಸಿ ವಾಪಸು ಎಳೆದರೆ ತೂತು ಅಗಲವಾಗಿ, ಅದರೊಳಗೆ ಪೈಪು ಹೋಗುತ್ತದೆ. ಲಾರಿಯಲ್ಲಿ ಎರಡು ರೀಮರ್ ಇದ್ದವು. ಒಂದಕ್ಕೆ ಬಂಡೆ ಅರೆಯುವ ಹಲ್ಲಿನ ಉರುಳೆಗಳು. ಇನ್ನೊಂದಕ್ಕೆ ಅಗಲ ಅಲಗುಗಳು, ನಡುವೆ ಮಣ್ಣು ಜಾರಿಹೋಗಲು ತೆರಪು.

ಸಣ್ಣ ತೂತು ಅಂದುಕೊಂಡದ್ದರ ಅರ್ಧ ಹೊತ್ತಿನಲ್ಲೇ ಮುಗಿಯಿತು. ನೆಲ ಮೆತ್ತಗಿರಬಹುದೆಂಬ ಅನುಮಾನ ಯಾರಿಗಾದರೂ ಬರಬೇಕಿತ್ತು. ನಾನು ಮಾತ್ರ, ಬಂಡೆ ನನ್ನ ಹೆಸರು ಕೇಳಿಯೇ ದಾರಿ ಬಿಟ್ಟಿದೆ ಎಂದುಕೊಂಡೆ.

ಯಂತ್ರ ನಡೆಸುತ್ತಿದ್ದವನು ಚಿಂತಾಮಣಿಯ ನಯಾಜ್. "ಯಜಮಾನ್ರೆ, ಆಳವಾಗಿ ಒಂದು ಗುಂಡಿ ತೋಡಿ ಮಣ್ಣು ನೋಡ್ಬಿಡಣ. ಆಮೇಲೆ ಯಾವ್ದು ಹಾಕೋದು ಅಂತ ಹೇಳಿ" ಎಂದ.

ನಾನು ಹಿಮ್ಮಡಿಯಿಂದ ನೆಲವನ್ನು ಎರಡು ಸಲ ಗುದ್ದಿ, ಕಣ್ಣು ಮುಚ್ಚಿ, ಬಂಡೆ ಎಂದು ತೀರ್ಪು ಕೊಟ್ಟೆ. ಕಾಫಿ ತಂದಿದ್ದ ಪಾರ್ವತಮ್ಮ ಸುಮ್ಮನಿರಲಿಲ್ಲ.

"ಇಲ್ಲಿ ಜೇಡಿಮಣ್ಣು ಕಣ್ರೀ. ಚಿಕ್ಕೋರಿದ್ದಾಗ ಒಲೆ ಹಾಕೋಕೆ ಇಲ್ಲಿಂದ್ಲೇ ಹೊತ್ಕೊಂಡೋಗ್ತಿದ್ವಿ."

"ಒಲೆ ವಿಷ್ಯ ನಿಂದು, ನೆಲದ ವಿಷ್ಯ ನಂದು" ಎಂದೆ. ಇಡೀ ಬೀದಿ ಕೇಳುವಂತೆ ಎಂದೆ.

ಹಲ್ಲಿನ ರೀಮರ್ ಒಳಗೆ ಹೋಯಿತು. ಸ್ವಲ್ಪ ದೂರ ಹೋಗುತ್ತಲೇ ಯಂತ್ರ ನರಳತೊಡಗಿತು. ನಯಾಜ್ ನಿಲ್ಲಿಸೋಣ ಎಂದ. ಅದು ಬಂಡೆ ಒಡೆಯುವ ಸದ್ದು, ಇನ್ನೂ ಜೋರಾಗಿ ಎಳೆ ಎಂದೆ. ಅಸಲಿಗೆ ಒಳಗೆ ಜೇಡಿ ಆ ಹಲ್ಲುಗಳಿಗೆ ಮೆತ್ತಿಕೊಂಡು, ಉರುಳೆಗಳು ತಿರುಗುವುದನ್ನೇ ಬಿಟ್ಟಿದ್ದವು. ನಾನು ರಸ್ತೆಯ ಕೆಳಗೆ ಮುದ್ದೆ ಕಟ್ಟಿಸುತ್ತಿದ್ದೆ.

ತೂತು ಕುಸಿಯದಿರಲೆಂದು ಗಂಜಿಯಂಥ ದ್ರವವನ್ನು ಒಳಗೆ ಪಂಪು ಮಾಡುತ್ತಾರೆ. ಅದು ಮಣ್ಣನ್ನು ಹೊತ್ತು, ತೂತಿನ ಬಾಯಲ್ಲಿ ಮೇಲುಮೇಲಕ್ಕೆ ತೋಡಿದ್ದ ನಮ್ಮ ಗುಂಡಿಗೆ ಬರಬೇಕು. ಬರಲಿಲ್ಲ. ದ್ರವ ಎಲ್ಲಿ ಹೋಯಿತೆಂದು ನಾನು ಗಹನವಾಗಿ ಯೋಚಿಸುತ್ತಿರುವಾಗ, ಪಕ್ಕದ ಅಂಗಳದಿಂದ ಹೆಂಡತಿಯ ತಮ್ಮ ನಾರಾಯಣಪ್ಪ ಓಡಿ ಬಂದ. ನಮ್ಮ ಕಡೆ ಕೋಪಕ್ಕೆ ತೆಲುಗು ಮೊದಲು ಬರುತ್ತದೆ.

"ಇದೇಮಿಟಿ ಬಾವಾ? ಅಂಗಳದಾಗೆ ಗಂಜಿ ಉಕ್ತಾ ಇದೆ."

ಅಂಗಳದ ತುಂಬ ಅವನ ರೇಷ್ಮೆಹುಳುಗಳು ಗೂಡು ಕಟ್ಟುತ್ತಿದ್ದ ಬಿದಿರಿನ ಚಂದ್ರಿಕೆಗಳು. ಅವುಗಳ ಕಾಲಬುಡಕ್ಕೆ ಬೂದು ಗಂಜಿ ಹರಿದು ಬರುತ್ತಿತ್ತು. ಬೀದಿಯ ಹೆಂಗಸರೆಲ್ಲ ಬಿಂದಿಗೆ ಕೆಳಗಿಟ್ಟು ಚಂದ್ರಿಕೆ ಹೊತ್ತರು. ಒಂದು ಹುಳುವೂ ಸಾಯಲಿಲ್ಲ. ಸಾಯುವಂತಾದವನು ನಾನೊಬ್ಬನೇ. ರಸ್ತೆಯ ಅಂಚಿನಲ್ಲಿ ಡಾಂಬರು ಮೆಲ್ಲಗೆ ಉಬ್ಬಿತ್ತು. ಚಿಕ್ಕಬಳ್ಳಾಪುರದ ಬಸ್ಸಿನ ಚಾಲಕ ಅದನ್ನು ಹೊಸ ಹಂಪ್ ಎಂದು ತಿಳಿದು, ವಿಧೇಯನಾಗಿ ನಿಧಾನ ಮಾಡಿ ಹತ್ತಿಸಿಕೊಂಡು ಹೋದ.

ಕಂಟ್ರಾಕ್ಟರು ಬಂದವನೇ ಯಂತ್ರ ಬಿಚ್ಚಲು ಹೇಳಿದ. ಹೆಂಗಸರು ಬಿಂದಿಗೆಗಳನ್ನು ನೋಡಿದರು, ಆಮೇಲೆ ನನ್ನನ್ನು. ಆ ನೋಟಕ್ಕಿಂತ ಬೈಗುಳ ವಾಸಿ.

"ತಪ್ಪು ನಂದು. ಅವಳು ಜೇಡಿ ಅಂದ್ಲು, ನಾನು ಕೇಳ್ಲಿಲ್ಲ" ಎಂದೆ. ಮದುವೆಯಾದಾಗಿನಿಂದ ನನ್ನ ಬಾಯಲ್ಲಿ ಬಾರದ ವಾಕ್ಯ ಅದು.

ಪಾರ್ವತಮ್ಮ ಕಂಟ್ರಾಕ್ಟರಿಗೆ ಅಡ್ಡ ನಿಂತಳು. "ಇನ್ನೊಂದು ಇದ್ಯಲ್ಲಪ್ಪ, ಅದನ್ನ ಹಾಕಿ ನೋಡಿ. ಆಗ್ದಿದ್ರೆ ಹೋಗೋರಂತೆ."

ಸಿಕ್ಕಿಕೊಂಡರೆ ಈ ಬದಿಯಿಂದ ಎಳೆಯಲಿಕ್ಕಿರಲಿ ಎಂದು ರೀಮರಿನ ಹಿಂದೆ ರಾಡುಗಳನ್ನು ಜೋಡಿಸಿದ್ದು ನಯಾಜನ ಮುಂದಾಲೋಚನೆ. ಕಂಟ್ರಾಕ್ಟರು ಒಪ್ಪಿ ತರಿಸಿದ ಜೆಸಿಬಿ ಅವನ್ನು ಹಿಡಿದು ಹಿಂದಕ್ಕೆಳೆದಾಗ, ಮಡಕೆ ಮಾಡುವವರು ಸಂತೋಷಪಡುವಂಥ ಒಂದು ಉಂಡೆ ಹೊರಬಂತು. ಅದನ್ನು ನಾನೇ ಕೈಯಾರೆ ಕೆರೆದೆ. ಅಲಗಿನ ರೀಮರ್ ಹಾಕಿದರು. ಗಂಜಿ ಗುಂಡಿಗೇ ಬಂತು. ಹಿಂದೆಯೇ ಪೈಪು ಸರಸರನೆ ಒಳಗೆ ಹೋಯಿತು. ನಾನು ಬಾಯಿ ಬಿಡದೆ ಇದ್ದದ್ದೇ ಆ ಹೊತ್ತಿನಲ್ಲಿ ನಾನು ಮಾಡಿದ ದೊಡ್ಡ ಕೆಲಸ.

ನೀರು ಬಂತು. ಅದಾಗಿ ಕೆಲವು ದಿನಕ್ಕೆ ನೀರು ಸರಬರಾಜು ಎಂಜಿನಿಯರರ ಜೀಪು ಮನೆ ಮುಂದೆ ನಿಂತಿತು. ಮುಂದಿನ ಊರಲ್ಲೂ ರಸ್ತೆ ದಾಟಿಸುವ ಕೆಲಸವಂತೆ. ನಾನು ಇಸ್ತ್ರಿ ಅಂಗಿ ತೊಟ್ಟು ಹೊರಬಂದೆ. ಅವರು ಕೈಮುಗಿದು ಕೇಳಿದರು:

"ಯಜಮಾನ್ರೆ, ಅಮ್ಮ ಇದಾರಾ?"

ಕುರ್ಚಿ ತಂದು ಹಾಕಿದೆ, ಅವಳಿಗೆ. ಅವಳು ಎಲ್ಲೆಲ್ಲಿ ಜೇಡಿ, ಎಲ್ಲಿ ಮರಳು ಎಂದು ವಿವರಿಸುತ್ತಿರುವಾಗ ನಾನು ಒಳಗೆ ಹೋಗಿ ನನ್ನ ಕೈಯಾರೆ ಕಾಫಿ ಮಾಡಿದೆ. ಎಂಜಿನಿಯರು ಒಂದು ಗುಟುಕು ಕುಡಿದು, ಸ್ವಲ್ಪ ಯೋಚಿಸಿ, ನೀರು ಬಹಳ ಚೆನ್ನಾಗಿದೆ ಎಂದರು.