ಎದ್ದು ನಿಂತ ಸಭೆ, ನಿಲ್ಲದ ಬಸ್ಸು

ಭಾಷಣಕಲಾ ತರಬೇತುದಾರರಾದ ಶ್ರೀ ಕಿರಣ್ ಕುಮಾರ್ ಅವರ ಸನ್ನಿಧಿಗೆ,

ಮಾನ್ಯರೇ,

ತಮಗೂ ತಮ್ಮ ಧ್ವನಿವರ್ಧಕಕ್ಕೂ ಸಕಲ ಕ್ಷೇಮವನ್ನು ಹಾರೈಸಿ, ಹರದನಹಳ್ಳಿಯ ಆಚೆಗಿನ ಒಂದು ಸಣ್ಣ ಊರಿನಿಂದ ನಿವೃತ್ತ ಉಪಾಧ್ಯಾಯನೊಬ್ಬ ಮಾಡಿಕೊಳ್ಳುವ ಬಿನ್ನಹ. ಈ ಪತ್ರವನ್ನು ‘ಇದನ್ನು ಕೊನೆಯವರೆಗೆ ಓದುವ ಎದೆಗಾರಿಕೆ ನಿಮಗಿದೆಯೇ?’ ಎಂದು ಆರಂಭಿಸಬೇಕೆಂಬುದು ತಮ್ಮ ಶಾಸ್ತ್ರ. ಹಳಬನಾದ ನಾನು ಕ್ಷೇಮ ಹಾರೈಸಿ ಆರಂಭಿಸಿದ್ದೇನೆ; ಕ್ಷಮೆಯಿರಲಿ.

ಗುಂಡ್ಲುಪೇಟೆಯಲ್ಲಿ ನಡೆಸಿದ ಒಂದು ದಿನದ ಶಿಬಿರದಲ್ಲಿ ತಾವು, ಯಾವ ಭಾಷಣವೇ ಆಗಲಿ ಕೇಳುವವರನ್ನು ಕೆಣಕುವ ಸವಾಲಿನಿಂದಲೇ ಶುರುವಾಗಬೇಕೆಂದು ಬೋಧಿಸಿದಿರಂತೆ. ಫಲ ತಡವಾಗಲಿಲ್ಲ. ಸಂತೆಮರಹಳ್ಳಿಯ ಮದುವೆಯೊಂದರಲ್ಲಿ ತಮ್ಮ ಶಿಷ್ಯ ಗುರುಮಲ್ಲಯ್ಯನವರು ವಧೂವರರನ್ನು ಹರಸಲು ಮೈಕು ಹಿಡಿದು, ‘ಈ ಜೋಡಿ ಬಾಳುತ್ತದೆಂದು ಎದೆ ತಟ್ಟಿ ಹೇಳುವ ಒಬ್ಬ ಗಂಡಸು ಇಲ್ಲಿದ್ದಾನೆಯೇ?’ ಎಂದು ಕೇಳಿದರು. ಯಾರೂ ಎದೆ ತಟ್ಟಲಿಲ್ಲ. ಎಲ್ಲರ ಕೈಯಲ್ಲೂ ಪಾಯಸದ ಲೋಟವಿತ್ತು. ಹೆಣ್ಣಿನ ತಂದೆ ಇಂದಿಗೂ ಅವರೊಂದಿಗೆ ಮಾತು ಬಿಟ್ಟಿದ್ದಾರೆ.

ಅದಿರಲಿ. ನನ್ನ ದೂರು ನಮ್ಮೂರ ಕಾವ್ಯಶ್ರೀಯ ವಿಚಾರದ್ದು. ಚಾಮರಾಜನಗರದ ಕಾಲೇಜಿಗೆ ಹೋಗುವ ನಮ್ಮ ಹನ್ನೊಂದು ಹೆಣ್ಣುಮಕ್ಕಳ ಎದುರಿಗೇ ಏಳೂವರೆಯ ಬಸ್ಸು ನಿಲ್ಲದೆ ಹಾದುಹೋಗುತ್ತದೆ. ಮುಂದಿನ ಬಸ್ಸು ಚಾಮರಾಜನಗರ ತಲುಪುವಷ್ಟರಲ್ಲಿ ಎರಡು ತರಗತಿಗಳು ಮುಗಿದಿರುತ್ತವೆ. ಹಾಜರಿ ಇನ್ನೂ ಇಳಿದರೆ ಪರೀಕ್ಷೆಗೆ ಕೂರಿಸುವುದಿಲ್ಲವೆಂದು ಎಚ್ಚರಿಕೆ ಬಂದಿದೆ. ಈ ಬೇಡಿಕೆಯನ್ನು ಗ್ರಾಮಸಭೆಯಲ್ಲಿ ಮಂಡಿಸಿ ನಡಾವಳಿಗೆ ಸೇರಿಸಲೆಂದು ಅವರೆಲ್ಲ ಕೂಡಿ ಕಾವ್ಯಶ್ರೀಯನ್ನು ಆರಿಸಿದರು, ಏಕೆಂದರೆ ತಮ್ಮ ಶಿಬಿರದ ಪ್ರಮಾಣಪತ್ರ ಇದ್ದದ್ದು ಅವಳೊಬ್ಬಳ ಬಳಿ.

ಅವಳು ತಮ್ಮ ಬೋಧನೆಯಂತೆಯೇ, ‘ನಮಗಾಗಿ ಎದ್ದು ನಿಲ್ಲುವ ಧೈರ್ಯ ಇಲ್ಲಿ ಒಬ್ಬರಿಗಾದರೂ ಇದೆಯೇ?’ ಎಂದಳು. ಧೈರ್ಯಕ್ಕೆ ನಮ್ಮೂರಲ್ಲಿ ಎಂದೂ ಕೊರತೆಯಿಲ್ಲ. ಮುಂದಿನ ಸಾಲಿನ ಪುಟ್ಟಮಾದು ಎದ್ದ. ಅವನನ್ನು ಕಂಡು ಸಭೆಗೆ ಸಭೆಯೇ ಎದ್ದಿತು. ಆದರೆ ನಮ್ಮ ಸಭೆಗಳಲ್ಲಿ ಎಲ್ಲರೂ ಒಟ್ಟಿಗೆ ಏಳುವುದು ಒಂದೇ ಕಾರಣಕ್ಕೆ. ತೂಕಡಿಸುತ್ತಿದ್ದ ಅಧಿಕಾರಿಗಳು ಬೆಚ್ಚಿ ಎದ್ದು ಕೈಗಳನ್ನು ನೆಟ್ಟಗೆ ಇಳಿಬಿಟ್ಟರು. ಹಿಂದಿನಿಂದ ಯಾರೋ ರಾಷ್ಟ್ರಗೀತೆ ಎತ್ತಿಕೊಂಡರು. ಎದ್ದು ನಿಂತ ಸಭೆ ಹಾಡಲೇಬೇಕೆಂದು ಮೂವತ್ತನಾಲ್ಕು ವರ್ಷ ಕಲಿಸಿದವನು ನಾನೇ ಆದ್ದರಿಂದ ಅವರನ್ನು ಹೇಗೆ ದೂರಲಿ? ಮನವಿ ಪತ್ರವನ್ನು ಕೈಯಲ್ಲಿ ಹಿಡಿದ ಕಾವ್ಯಶ್ರೀಯೂ ಹಾಡಿದಳು. ಗೀತೆ ಮುಗಿದ ಕೂಡಲೇ ಪುಟ್ಟಮಾದು ಪಕ್ಕದವನಿಗೆ, ‘ಮುಗೀತು ಕಣ್ಲಾ, ಉಪ್ಪಿಟ್ಟು ಆರೋಯ್ತದೆ, ನಡಿ ಓಗನ’ ಎಂದ. ರಾಷ್ಟ್ರಗೀತೆಯಾದ ಮೇಲೆ ಭಾಷಣವಿಲ್ಲ. ನಡಾವಳಿಯಲ್ಲಿ ‘ಸಭೆಯು ಉತ್ಸಾಹದಿಂದ ಮುಕ್ತಾಯವಾಯಿತು’ ಎಂದು ಬರೆದಿದೆ. ಬಸ್ಸಿನ ಸುದ್ದಿಯೇ ಇಲ್ಲ.

ಆದಕಾರಣ ತಮ್ಮಲ್ಲಿ ಪ್ರಾರ್ಥನೆ. ಒಂದೇ ವಾಕ್ಯದಿಂದ ನೂರೈವತ್ತು ಜನರನ್ನು ಎಬ್ಬಿಸಬಲ್ಲ ವಿದ್ಯೆಗೆ ಒಂದು ಬಸ್ಸನ್ನು ನಿಲ್ಲಿಸುವುದು ಕಷ್ಟವಾಗಲಾರದು. ಮುಂದಿನ ಗ್ರಾಮಸಭೆ ಕೂಡುವವರೆಗೆ ತಾವು ಪ್ರತಿದಿನ ಏಳೂವರೆಗೆ ನಮ್ಮೂರ ಹುಣಸೆಮರದಡಿಗೆ ದಯಮಾಡಿಸಿ, ಬರುವ ಬಸ್ಸಿಗೆ ‘ನಿಲ್ಲುವ ಧೈರ್ಯ ನಿನಗಿದೆಯೇ?’ ಎಂದು ಸವಾಲು ಹಾಕುವ ಕೃಪೆ ಮಾಡಬೇಕು. ನಿಂತರೆ ತಮ್ಮ ಶಾಸ್ತ್ರಕ್ಕೆ ಶರಣು. ನಿಲ್ಲದಿದ್ದರೆ, ಆ ಹನ್ನೊಂದು ಮಕ್ಕಳೊಂದಿಗೆ ಮುಂದಿನ ಬಸ್ಸಿಗೆ ಕಾಯುತ್ತ, ಮೊದಲ ವಾಕ್ಯದ ನಂತರ ಎರಡನೆಯದೂ ಒಂದಿರುತ್ತದೆಂದು ಅವರಿಗೆ ಹೇಳಿಕೊಡಬಹುದು. ಒಂದೂವರೆ ಗಂಟೆ ಬಿಡುವಿರುತ್ತದೆ.

ತಮ್ಮ ಮುಂದಿನ ಸವಾಲಿನವರೆಗೆ ಕುಳಿತೇ ಇರುವ,
ತಮ್ಮ ವಿಶ್ವಾಸಿ,
ಸೋಮಯ್ಯ
ನಿವೃತ್ತ ಕನ್ನಡ ಉಪಾಧ್ಯಾಯ

ಮರೆತ ಮಾತು: ಮುಂದಿನ ಸಭೆಯಲ್ಲಿ ಕಾವ್ಯಶ್ರೀಯ ಅಜ್ಜಿ ಮರಿತಾಯಮ್ಮನವರು ಮಾತನಾಡಲಿದ್ದಾರೆ. ತಮ್ಮ ಶಿಬಿರ ಕಂಡವರಲ್ಲ. ಅವರ ಮೊದಲ ವಾಕ್ಯ ಈಗಲೇ ಸಿದ್ಧವಾಗಿದೆ: ‘ಯಾರೂ ಏಳ್ಬ್ಯಾಡಿ ಕಣ್ರಪ್ಪ, ನಮ್ ಐಕ್ಳಿಗೆ ಬಸ್ ನಿಲ್ಸಿ, ಬರ್ಕಳಿ.’ ಮೂವತ್ತನಾಲ್ಕು ವರ್ಷ ಕೆಂಪು ಶಾಯಿ ಹಿಡಿದ ನಾನು ಅದರಲ್ಲಿ ಒಂದಕ್ಷರವನ್ನೂ ತಿದ್ದಿಲ್ಲ.